ಕುರಿಗಳಿಗೆ ಮತ್ತೆ ಉಣ್ಣೆ ಕಟ್ಟಿದ ವರ್ಷ

ಮಾರ್ಚ್ 5, 1816, ಮಂಗಳವಾರ

ಬೇಲಿಯ ವಿಷಯ ಮಾತಾಡಿ ಬರುತ್ತೇನೆಂದು ಊರ ಸಭೆಗೆ ಹೋದ ನನ್ನ ಗಂಡ ಅಸಾಹೆಲ್, ಸಂಜೆ ಜಾರುಬಂಡಿಯಲ್ಲಿ ಒಬ್ಬ ಮುದುಕಿಯನ್ನು ಕೂರಿಸಿಕೊಂಡು ಬಂದರು. ಬೇಲಿ ಏನಾಯಿತೆಂದು ಕೇಳಿದರೆ ಮರೆತೇಹೋಯಿತಂತೆ.

ಪ್ರತಿ ಮಾರ್ಚಿನಲ್ಲಿ ನಮ್ಮೂರಿನ ದಿಕ್ಕಿಲ್ಲದವರನ್ನು ಬೆಂಚಿನ ಮೇಲೆ ನಿಲ್ಲಿಸಿ ಹರಾಜು ಹಾಕುತ್ತಾರೆ. ದನದ ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ದನ, ಇದರಲ್ಲಿ ಕಡಿಮೆ ಕೂಗಿದವನಿಗೆ ಮನುಷ್ಯ. ವರ್ಷವಿಡೀ ಒಬ್ಬರನ್ನು ಸಾಕಲು ಊರಿನ ಬೊಕ್ಕಸದಿಂದ ಯಾರು ಅತಿ ಕಡಿಮೆ ದುಡ್ಡು ಕೇಳುತ್ತಾರೋ ಅವರ ಮನೆಗೆ ಆ ಜೀವ ಹೋಗಬೇಕು. ಮುಂದಿನ ಮಾರ್ಚಿಗೆ ಮತ್ತೆ ಹರಾಜು. ಈ ವ್ಯವಹಾರಕ್ಕೆ ನಾವು ಯಾವತ್ತೂ ಕೈ ಹಾಕಿದವರಲ್ಲ.

“ಆ ಜಿಪುಣ ಸೈಲಸ್ ಹಾಚ್ ಈ ವರ್ಷಾನೂ ಕೂಗ್ತಾ ಇದ್ದ ಕಣೆ,” ಎಂದರು ಅಸಾಹೆಲ್, ಬೂಟಿನ ಹಿಮ ಒದರುತ್ತ. “ಅವನ ಮುಖ ನೋಡಿ ಅಜ್ಜಿ ಬೆಂಚಿಂದ ಇಳಿದು ಓಡೋಕೆ ಹೋಯ್ತು. ನನ್ನ ಬಾಯಿಂದ ಅದೇನೋ ಬಂದ್ಬಿಡ್ತು.”

“ಒಹಾಯೋಗೆ ಹೋಗೋಣ ಅಂತ ಮೂರು ವರ್ಷದಿಂದ ಬಡ್ಕೊಳ್ತಾ ಇದೀನಿ. ಅದಕ್ಕೆ ಮಾತ್ರ ನಿಮ್ಮ ಬಾಯಿಂದ ಏನೂ ಬರಲ್ಲ ಅಲ್ವಾ?”

“ನೋಡೋಣ,” ಎಂದರು. ಇವರದು ಯಾವಾಗಲೂ ಅದೇ ಮಾತು. ಇವರ ತಮ್ಮ ಲೀವೈ ಒಹಾಯೋದಿಂದ ಬರೆಯುತ್ತಾನೆ, ಅಲ್ಲಿ ಬೆಳಗ್ಗೆ ನೇಗಿಲು ಹೂಡಿದರೆ ಸಂಜೆಯವರೆಗೂ ಒಂದು ಕಲ್ಲು ತಗಲುವುದಿಲ್ಲವಂತೆ. ನಮ್ಮ ಈ ವರ್ಮಾಂಟಿನ ಗುಡ್ಡದಲ್ಲಿ ತಾನಾಗಿ ಬೆಳೆಯುವುದು ಕಲ್ಲೊಂದೇ. ಈ ವರ್ಷ ಉಣ್ಣೆ ಮಾರಿ ಒಂದು ಒಳ್ಳೆಯ ಬಂಡಿ ಮಾಡಿಸುವುದು, ಮುಂದಿನ ವರ್ಷ ಹೊರಟೇಬಿಡುವುದು ಎಂದು ನಾನು ಒಬ್ಬಳೇ ತೀರ್ಮಾನಿಸಿದ್ದೇನೆ.

ಮುದುಕಿಯ ಹೆಸರು ಜೆರೂಷಾ ಟಟಲ್. ಎಪ್ಪತ್ತು ದಾಟಿದೆ. ಒಳಗೆ ಬಂದವಳು ಕೋಣೆಯನ್ನು ಒಂದು ಸುತ್ತು ನೋಡಿ, “ಕಿಟಕಿ ಉತ್ತರಕ್ಕಿದೆಯಲ್ಲಮ್ಮಾ. ನನಗೆ ಉತ್ತರದ ಗಾಳಿ ಆಗೋಲ್ಲ,” ಎಂದಳು. ನಮ್ಮ ಮನೆಯ ಅನ್ನ ತಿನ್ನಲು ಬಂದವಳ ಮೊದಲ ಮಾತು ಅದು.

ಮಾರ್ಚ್ 24, ಭಾನುವಾರ

ಇವಳಿಗೆ ಮೊಣಕಾಲೊಂದಿದೆ. ಎಲ್ಲರಿಗೂ ಎರಡಿರುತ್ತವೆ, ಆದರೆ ಇವಳ ಬಲ ಮೊಣಕಾಲು ಹವಾಮಾನ ಹೇಳುತ್ತದೆ. ಮಳೆಯಿಲ್ಲ ಎಂದ ದಿನ ಒಗೆದು ಹಾಕಿದ ಹೊದಿಕೆಗಳೆಲ್ಲ ನೆನೆದವು. ನಾಳೆ ಬಿರುಗಾಳಿ ಎಂದ ಮರುದಿನ ಹೊಗೆ ನೆಟ್ಟಗೆ ಮೇಲೆ ಹೋಯಿತು. ಆದರೂ ಅವಳಿಗೆ ಅದರ ಮೇಲೆ ಇರುವ ನಂಬಿಕೆ ನಮ್ಮ ಪಾದ್ರಿಗೆ ದೇವರ ಮೇಲೆ ಇದೆಯೋ ಇಲ್ಲವೋ.

ಹೆಣಿಗೆಯಲ್ಲಿ ಕೈ ಚುರುಕು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ಹೆಣೆಯುವಾಗ ಬಾಯಿ ಅದಕ್ಕಿಂತ ಚುರುಕು. ಗೊರಕೆ, ಕೆಮ್ಮು, ನನ್ನ ಅಡುಗೆಯ ಮೇಲೆ ಟೀಕೆ. ಮೇಪಲ್ ಸಕ್ಕರೆಯ ಗಡ್ಡೆ ದಿನದಿಂದ ದಿನಕ್ಕೆ ಸಣ್ಣದಾಗುತ್ತಿದೆ. ಕೇಳಿದರೆ, “ಇಲಿ ಇರಬೇಕು,” ಎನ್ನುತ್ತಾಳೆ, ಗಲ್ಲದಲ್ಲಿ ಸಕ್ಕರೆ ಅಂಟಿಕೊಂಡೇ ಇರುತ್ತದೆ.

ಮುಂದಿನ ಮಾರ್ಚ್ ಬರಲಿ, ಸಾಗಹಾಕುತ್ತೇನೆ.

ಮೇ 17, ಶುಕ್ರವಾರ

ಸೂರ್ಯನಿಗೆ ಏನೋ ಆಗಿದೆ. ಬೆಳಗ್ಗೆ ಕೆಂಪು ತಟ್ಟೆಯ ಹಾಗೆ ಮೇಲೆ ಬರುತ್ತಾನೆ, ಬರಿಗಣ್ಣಿನಿಂದ ನೋಡಬಹುದು, ಮೈಮೇಲೆ ಕಪ್ಪು ಚುಕ್ಕೆಗಳು. ಮಂಜಲ್ಲದ, ಹೊಗೆಯಲ್ಲದ ಒಂದು ಮಬ್ಬು ಆಕಾಶದಲ್ಲಿ ನಿಂತುಬಿಟ್ಟಿದೆ. ಮಳೆ ಬಂದರೂ ಅದು ತೊಳೆದು ಹೋಗುವುದಿಲ್ಲ. ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಸಿಡಿಲು ತಡೆಯಲು ಪಟ್ಟಣದವರು ಮನೆಮನೆಗೂ ಕಬ್ಬಿಣದ ಸರಳು ನೆಟ್ಟು ಭೂಮಿಯ ಕಾವನ್ನೆಲ್ಲ ಹೊರಗೆ ಬಿಟ್ಟರು ಎನ್ನುವುದು ಜೆರೂಷಾಳ ವಾದ.

ಹಿಮ ಕರಗಿದ ಮೇಲೆ ಬಿತ್ತಿದ ಮೆಕ್ಕೆಜೋಳದ ಮೊಳಕೆಯನ್ನು ಮೊನ್ನೆ ರಾತ್ರಿ ಎಲೆಯ ಮೇಲೆ ಹೆಪ್ಪುಗಟ್ಟಿದ ಕೊರೆ ಸುಟ್ಟುಹಾಕಿತು. ಮತ್ತೆ ಬಿತ್ತಿದ್ದೇವೆ.

ಜೂನ್ 5, ಬುಧವಾರ

ಕೊನೆಗೂ ಬೇಸಿಗೆ! ಇವತ್ತು ಎಂಥ ಸೆಕೆ. ಅಸಾಹೆಲ್ ಅಂಗಿ ಬಿಚ್ಚಿಹಾಕಿ ಕೆಲಸ ಮಾಡಿದರು. ನಾಲ್ಕು ದಿನದ ಕೆಲಸ, ಇವತ್ತಿಗೆ ಎಲ್ಲ ಕುರಿಗಳ ತುಪ್ಪಟ ಕತ್ತರಿಸಿ ಮುಗಿಸಿದೆವು.

“ಇನ್ನೊಂದು ವಾರ ತಡಿಯೋಣ. ಹಾಚ್ ಇನ್ನೂ ಕತ್ತರಿಗೆ ಸಾಣೆ ಸಹ ಹಿಡಿಸಿಲ್ಲ,” ಎಂದಿದ್ದರು ಅಸಾಹೆಲ್.

“ಅದಕ್ಕೇ ನಾವು ಮೊದಲು ಕತ್ತರಿಸಬೇಕು. ಮಗ್ಗದವರು ಮೊದಲು ಬಂದ ಉಣ್ಣೆಗೆ ಒಳ್ಳೆ ಬೆಲೆ ಕೊಡ್ತಾರೆ. ಬಂಡಿ ಬೇಕೋ ಬೇಡವೋ?”

“ಕತ್ತರಿಸ್ರಪ್ಪಾ. ನನ್ನ ಮೊಣಕಾಲು ಬೆಣ್ಣೆ ಕರಗಿದ ಹಾಗಿದೆ. ಇನ್ನು ಬೆವರಿ ಸಾಯ್ತೀರಿ ನೋಡಿ,” ಎಂದಳು ಜೆರೂಷಾ.

ನಾನು ಆ ಮೊಣಕಾಲನ್ನು ಕೇಳಿ ಹೇಳಿದ್ದಲ್ಲ. ನನಗೇ ಅವಸರವಿತ್ತು. ಕತ್ತರಿಸಿದ ಕುರಿಗಳು ಬೆತ್ತಲೆ ಮಕ್ಕಳ ಹಾಗೆ ಹುಲ್ಲಿನಲ್ಲಿ ಕುಣಿದಾಡಿದವು. ತುಪ್ಪಟಗಳನ್ನು ಸುತ್ತಿ ಕೊಟ್ಟಿಗೆಯ ಅಟ್ಟದ ಮೇಲೆ ಪೇರಿಸಿದ್ದೇವೆ. ನನ್ನ ಬಂಡಿ ಅಟ್ಟದ ಮೇಲೆ ಕೂತಿದೆ ಎಂದೇ ಅನ್ನಿಸಿ ಎರಡು ಸಲ ಹತ್ತಿ ನೋಡಿ ಬಂದೆ.

ಜೂನ್ 8, ಶನಿವಾರ

ಎರಡು ದಿನ ಪೆನ್ನು ಹಿಡಿಯಲು ಪುರಸೊತ್ತಿರಲಿಲ್ಲ.

ಗುರುವಾರ ಬೆಳಗ್ಗೆ ಗಾಳಿ ಉತ್ತರಕ್ಕೆ ತಿರುಗಿತು. ಮೊದಲು ಮಳೆ, ಆಮೇಲೆ ಆಲಿಕಲ್ಲು, ಆಮೇಲೆ ಹಿಮ. ಜೂನ್ ತಿಂಗಳಲ್ಲಿ ಹಿಮ! ಸೇಬಿನ ಮರದ ಹೂವಿನ ಮೇಲೆ ಹಿಮ ಕೂತಿದ್ದನ್ನು ಕಿಟಕಿಯಿಂದ ನೋಡಿ ನನಗೆ ಕಣ್ಣು ಕೆಟ್ಟಿತೇನೋ ಅನ್ನಿಸಿತು. ಅಷ್ಟರಲ್ಲಿ ಅಸಾಹೆಲ್ ಓಡಿಬಂದು, “ಎಲೆಕ್ಟಾ, ಕುರಿ!” ಎಂದರು. ಇವರು ಓಡಿದ್ದನ್ನು ನಾನು ಮದುವೆಯಾದ ಮೇಲೆ ಮೊದಲ ಸಲ ನೋಡಿದ್ದು.

ಕೊಟ್ಟಿಗೆಯಲ್ಲಿ ಕುರಿಗಳು ಒಂದರ ಹೊಟ್ಟೆಗೆ ಒಂದು ತಲೆ ತೂರಿಸಿ ನಿಂತಿದ್ದವು. ಬೋಳು ಮೈ ನೀಲಿಗಟ್ಟಿತ್ತು. ಎರಡು ಆಗಲೇ ಬಿದ್ದಿದ್ದವು. ಒಣಹುಲ್ಲು ಹರಡಿದೆವು, ಮನೆಯ ಹೊದಿಕೆಗಳನ್ನು ತಂದು ಹೊದಿಸಿದೆವು, ಸಾಲಲಿಲ್ಲ. ನಾನು ಅಲ್ಲೇ ನಿಂತು ಅಳತೊಡಗಿದೆ. ಕತ್ತರಿಸಿ ಅಂದವಳು ನಾನೇ ಅಲ್ಲವೇ.

ಆಗ ಅಟ್ಟದ ಮೇಲಿನಿಂದ ಒಂದು ತುಪ್ಪಟ ನನ್ನ ತಲೆಯ ಮೇಲೆ ಬಿತ್ತು. ತಲೆ ಎತ್ತಿದರೆ ಜೆರೂಷಾ. ಎಪ್ಪತ್ತು ದಾಟಿದ ಮುದುಕಿ ಏಣಿ ಹತ್ತಿ ಕೂತಿದ್ದಾಳೆ.

“ಅಳೋದು ಆಮೇಲೆ ಇಟ್ಕೊಳೇ! ಅಂಗಿ ಬಿಚ್ಚಿದವರು ನಾವು, ತೊಡಿಸೋಕೆ ಇನ್ಯಾರು ಬರ್ತಾರೆ? ಹೆಣಿಗೆ ದಾರ ತಗೊಂಬಾ, ಎಲ್ಲಾನೂ ತಗೊಂಬಾ.”

ಮೂವರೂ ಸೇರಿ ಕುರಿಗಳಿಗೆ ಅವುಗಳ ಉಣ್ಣೆಯನ್ನೇ ಮತ್ತೆ ಕಟ್ಟಿದೆವು. ನನ್ನ ದಾರ, ನನ್ನ ಏಪ್ರನ್ನಿನ ಲಾಡಿ, ಅಸಾಹೆಲ್‌ರ ಸೊಂಟದ ಪಟ್ಟಿ, ಕೊನೆಗೆ ಪರದೆಯ ಹಗ್ಗ ಕೂಡ. ಯಾವ ತುಪ್ಪಟ ಯಾವ ಕುರಿಯದೆಂದು ನೋಡಲು ಯಾರಿಗೆ ವ್ಯವಧಾನ? ತಾಯಿಯ ಉಣ್ಣೆ ಚಿಕ್ಕಮ್ಮನಿಗೆ, ಚಿಕ್ಕಮ್ಮನದು ಅಜ್ಜಿಗೆ ಹೋಯಿತು. ಮರಿಗಳು ತಮ್ಮ ತಾಯಿ ಯಾರೆಂದೇ ತಿಳಿಯದೆ ಒಂದರ ಹಿಂದೊಂದು ಕೂಗುತ್ತ ಎಲ್ಲರನ್ನೂ ಮೂಸಿ ನೋಡಿ ತಿರುಗಿದವು. ತಾಯಂದಿರೂ ತಮ್ಮ ಮರಿಯನ್ನು ಕರೆಯುವುದು, ಹತ್ತಿರ ಬಂದರೆ ಗಾಬರಿಯಿಂದ ತಿರುಗಿಕೊಳ್ಳುವುದು. ಅಂಥ ಹೊತ್ತಿನಲ್ಲೂ ಅಸಾಹೆಲ್ ನಕ್ಕುಬಿಟ್ಟರು. ಅವರನ್ನು ನೋಡಿ ನನಗೂ ನಗು ಬಂತು, ಅಳುವಿನ ಮಧ್ಯದಲ್ಲೇ.

ಎಳೆದಾಟದಲ್ಲಿ ಕೆಲವು ತುಪ್ಪಟ ಹರಿದು ಚೂರಾಗಿ, ಕೊನೆಗೆ ಒಂದು ಬಡಕಲು ಕುರಿಗೆ ಕಟ್ಟಲು ಏನೂ ಉಳಿಯಲಿಲ್ಲ. ಜೆರೂಷಾ ಮೂಲೆಗೆ ಹೋಗಿ, ಬೆನ್ನು ತಿರುಗಿಸಿ, ತನ್ನ ಕೆಂಪು ಉಣ್ಣೆಯ ಒಳಲಂಗ ಕಳಚಿ ತಂದು ಅದಕ್ಕೆ ತೊಡಿಸಿದಳು. ಕುರಿ ಅದನ್ನು ತೊಟ್ಟು ಪಾದ್ರಿಯ ಹೆಂಡತಿಯ ಹಾಗೆ ಗಂಭೀರವಾಗಿ ನಿಂತಿತು. ಟಗರು ಸಾಲೊಮನ್ ಮಾತ್ರ ಎರಡು ದಿನ ನನ್ನ ಅಡುಗೆಮನೆಯಲ್ಲಿ ಒಲೆಯ ಮುಂದೆ ಮಲಗಿತ್ತು.

ಏಳು ಕುರಿ ಸತ್ತವು. ಉಳಿದವು ಉಳಿದವು.

ಜೂನ್ 16, ಭಾನುವಾರ

ಹಿಮ ಕರಗಿ ಒಂದು ವಾರವಾಯಿತು. ಕಟ್ಟಿದ ಉಣ್ಣೆ ಕೆಸರು, ಸಗಣಿ, ದಾರದ ಗಂಟುಗಳಲ್ಲಿ ಕಲಸಿಹೋಗಿದೆ. ಮಗ್ಗದವರು ಕೈಯಲ್ಲಿ ಮುಟ್ಟುವುದಿಲ್ಲ. ಬಂಡಿಯ ಮಾತು ಈ ವರ್ಷಕ್ಕೆ ಮುಗಿಯಿತು. ಅಸಾಹೆಲ್ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಇವತ್ತು ಪ್ರಾರ್ಥನೆ ಮುಗಿದ ಮೇಲೆ ಹೊರಗೆ ಎಲ್ಲರೂ ಸೇರಿದ್ದಾಗ ಸೈಲಸ್ ಹಾಚ್ ಬಂದ. ಅವನ ಕುರಿಗಳೆಲ್ಲ ಮೈತುಂಬ ಉಣ್ಣೆ ಹೊತ್ತು ಸುಖವಾಗಿವೆ. “ಏನಪ್ಪಾ ಅಸಾಹೆಲ್, ಕುರಿಗಳಿಗೆ ಲಂಗ ಹೊಲಿಸ್ತೀಯಂತೆ? ಟೋಪಿ ಯಾವಾಗ?” ಎಂದ. ಹೆಂಗಸರೆಲ್ಲ ನಕ್ಕರು. “ಈ ಅವಸರದ ಯೋಚನೆ ಯಾರದಿತ್ತು?” ಎಂದು ನನ್ನ ಕಡೆ ನೋಡಿದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ನನ್ನದು,” ಎಂದಳು ಜೆರೂಷಾ. “ನನ್ನ ಮೊಣಕಾಲು ಹೇಳ್ತು, ನಾನು ಹೇಳಿದೆ. ಈ ಹುಡುಗಿ ಬೇಡ ಬೇಡ ಅಂತ ಕಾಲಿಗೆ ಬಿದ್ಲು. ನಾನು ಬಿಡ್ಲಿಲ್ಲ. ನಿನ್ನ ಮನೇಲಿ ಎರಡು ವರ್ಷ ಇದ್ದಾಗ ಹೊಟ್ಟೆಗಿಲ್ದೆ ಮೊಣಕಾಲು ಕೆಟ್ಟೋಯ್ತು ಸೈಲಸ್, ಅದಕ್ಕೇ ಹೀಗಾಯ್ತು.”

ಎಲ್ಲರ ನಗುವೂ ಹಾಚನ ಕಡೆ ತಿರುಗಿತು. ದೇವರ ಮನೆಯ ಬಾಗಿಲಲ್ಲಿ ಇಷ್ಟು ಸಲೀಸಾಗಿ ಸುಳ್ಳು ಹೇಳುವವರನ್ನು ನಾನು ನೋಡಿಲ್ಲ. ಮನೆಗೆ ಬಂದು ಅವಳ ಚಹಾಕ್ಕೆ ಒಂದು ಚೂರು ಸಕ್ಕರೆ ಹೆಚ್ಚು ಹಾಕಿದೆ. ಹೇಗಿದ್ದರೂ ಕದ್ದು ತಿನ್ನುತ್ತಿದ್ದಳು.

ಜುಲೈ 9, ಮಂಗಳವಾರ

ಮತ್ತೆ ಕೊರೆ. ಬಾವಿಯ ಬಕೆಟ್ಟಿನಲ್ಲಿ ಕಿಟಕಿಯ ಗಾಜಿನಷ್ಟು ದಪ್ಪ ಮಂಜುಗಡ್ಡೆ. ಮೂರನೆಯ ಸಲ ಬಿತ್ತಿದ ಜೋಳ ಮುಕ್ಕಾಲು ಪಾಲು ಕಪ್ಪಾಗಿ ಮಲಗಿದೆ. ಅವರೆ ಹೋಯಿತು, ಸೌತೆ ಹೋಯಿತು. ಆಲೂಗಡ್ಡೆ ಮಣ್ಣಿನೊಳಗಿದೆ, ಬದುಕಿರಬಹುದು.

ಗುರುವಾರ ಊರೆಲ್ಲ ಉಪವಾಸವಿದ್ದು ಪ್ರಾರ್ಥಿಸಬೇಕೆಂದು ಪಾದ್ರಿ ಸಾರಿದ್ದಾರೆ. “ಉಪವಾಸಕ್ಕೆ ಗುರುವಾರ ಯಾಕೆ ಕಾಯ್ಬೇಕು? ಮಿಕ್ಕ ದಿನ ಏನು ಮದುವೆ ಊಟ ಹಾಕ್ತಾರಾ?” ಎಂದು ಜೆರೂಷಾ ಕೇಳಿದಳು. ಅವಳ ಬಾಯಿಗೆ ಹೆದರಿ ಅವಳನ್ನು ಮನೆಯಲ್ಲೇ ಬಿಟ್ಟು ಹೋಗಬೇಕೆಂದಿದ್ದೇನೆ.

ಆಗಸ್ಟ್ 22, ಗುರುವಾರ

ನಿನ್ನೆ ಬಿದ್ದ ಕೊರೆಗೆ ಉಳಿದ ಜೋಳವೂ ಹೋಯಿತು. ಬರೆಯಲು ಏನೂ ಇಲ್ಲ.

ಸೆಪ್ಟೆಂಬರ್ 15, ಭಾನುವಾರ

ಇವತ್ತು ಜಗಳ. ಜೆರೂಷಾಳ ಹಾಸಿಗೆ ಕೊಡವಲು ಎತ್ತಿದರೆ ಒಣಗಿದ ರೊಟ್ಟಿಯ ಚೂರುಗಳು ಉದುರಿದವು. ದಿಂಬಿನೊಳಗೆ, ಕಾಲುಚೀಲದೊಳಗೆ, ಎಲ್ಲೆಂದರಲ್ಲಿ. ಕೆಲವಕ್ಕೆ ಬೂಷ್ಟು ಹಿಡಿದಿತ್ತು. ಮನೆಯಲ್ಲಿ ಹಿಟ್ಟನ್ನು ಕೈಯಲ್ಲಿ ಅಳೆದು ತೆಗೆಯುತ್ತಿರುವಾಗ ಇದು!

“ನಿಮಗೆ ಈ ಮನೇಲಿ ಹೊಟ್ಟೆಗೆ ಹಾಕಲ್ವಾ ನಾನು? ನಿಮ್ಮ ತಟ್ಟೆಗೆ ಕಡಿಮೆ ಹಾಕಿದೀನಾ ಯಾವತ್ತಾದ್ರೂ?” ಎಂದು ಕಿರುಚಿದೆ.

ಯಾವಾಗಲೂ ಒಂದಕ್ಕೆ ನಾಲ್ಕು ಹೇಳುವವಳು ಉದುರಿದ ಚೂರುಗಳನ್ನು ಒಂದೊಂದಾಗಿ ಹೆಕ್ಕಿದಳು. ಆಮೇಲೆ ಮೆಲ್ಲಗೆ ಹೇಳಿದಳು. “ಇಲ್ಲ ಕಣಮ್ಮಾ. ನೀನು ಹಾಕ್ತೀಯ. ಹಾಚನ ಮನೇಲಿ ಚಳಿಗಾಲದಲ್ಲಿ ದಿನಕ್ಕೆ ಒಂದೇ ಸಲ. ನನ್ನ ಪಕ್ಕದ ಮಂಚದ ಹ್ಯಾನಾ ಒಂದು ಬೆಳಗ್ಗೆ ಏಳ್ಲಿಲ್ಲ. ಅವಳ ದಿಂಬಿನ ಕೆಳಗೆ ಏನೂ ಇರ್ಲಿಲ್ಲ. ನನ್ನ ದಿಂಬಿನ ಕೆಳಗೆ ಎರಡು ಚೂರಿತ್ತು. ಕೈ ತಾನೇ ಹೋಗತ್ತೆ, ಏನ್ಮಾಡ್ಲಿ.”

ನಾನು ಹೊರಗೆ ಹೋಗಿ ಹಸುವಿನ ಹಾಲು ಕರೆದೆ. ಕರೆಯುವ ಹೊತ್ತಾಗಿರಲಿಲ್ಲ.

ಸಂಜೆ ಉಗ್ರಾಣದ ಬೀಗದ ಕೈಯನ್ನು ಅವಳ ಸೊಂಟಕ್ಕೆ ಕಟ್ಟಿದೆ. ಮಾತುಮಾತಿಗೆ ನನ್ನನ್ನು ಕೇಳುತ್ತ ಕೂರುವುದು ತಪ್ಪಲಿ ಎಂದು, ಅಷ್ಟೇ. ಅವಳು ಆ ಬೀಗದ ಕೈಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

ಅಕ್ಟೋಬರ್ 20, ಭಾನುವಾರ

ಬೀಗದ ಕೈ ಕೊಟ್ಟ ಮೇಲೆ ಉಗ್ರಾಣದಿಂದ ಒಂದು ಚೂರೂ ಕದ್ದಿಲ್ಲ. ಬದಲಿಗೆ ನನಗೇ ಕಾವಲು ಕೂತಿದ್ದಾಳೆ. ನಿನ್ನೆ ಒಂದು ಹಿಡಿ ಹಿಟ್ಟು ಹೆಚ್ಚು ತೆಗೆದದ್ದಕ್ಕೆ, “ಏನೇ ಎಲೆಕ್ಟಾ, ಏಪ್ರಿಲ್ ತಿಂಗಳಲ್ಲಿ ನನ್ನ ಬೆರಳು ಬೇಯಿಸಿ ಹಾಕ್ತೀಯಾ?” ಎಂದು ಹಿಟ್ಟನ್ನು ವಾಪಸು ಸುರಿಸಿದಳು. ಮನೆಯಲ್ಲಿ ಯಜಮಾನಿ ಯಾರೋ ಗೊತ್ತಾಗುತ್ತಿಲ್ಲ.

ಸಮುದ್ರದ ಕಡೆಯಿಂದ ಬಂಡಿಗಳಲ್ಲಿ ಉಪ್ಪುಮೀನು ಬಂದಿದೆ. ಹೋದ ವರ್ಷದವರೆಗೆ ಬಂಗುಡೆ ಹೆಸರು ಕೇಳಿದರೆ ಮೂಗು ಮುಚ್ಚುತ್ತಿದ್ದವರೆಲ್ಲ ಸಾಲು ನಿಂತಿದ್ದೇವೆ. ಬೆಳಗ್ಗೆ ಓಟ್ಸ್ ಗಂಜಿ ಮತ್ತು ಮೀನು, ಮಧ್ಯಾಹ್ನ ಆಲೂಗಡ್ಡೆ ಮತ್ತು ಮೀನು, ಸಂಜೆ ಮೀನಿನ ನೆನಪು. ಮೇವಿಲ್ಲದೆ ಅರ್ಧ ಕುರಿಗಳನ್ನು ಸಿಕ್ಕಿದ ಬೆಲೆಗೆ ಕೊಟ್ಟೆವು. ಕೆಂಪು ಲಂಗ ತೊಟ್ಟಿದ್ದ ಕುರಿಯನ್ನು ಜೆರೂಷಾ ಬಿಟ್ಟುಕೊಡಲಿಲ್ಲ. ಅದಕ್ಕೆ ತನ್ನದೇ ಹೆಸರಿಟ್ಟಿದ್ದಾಳೆ, ಹಾಗಾಗಿ ಮಾರುವಂತೆಯೂ ಇಲ್ಲ.

ಗುಡ್ಡದ ಆಚೆ ನಾಲ್ಕು ಮನೆಯವರು ಒಹಾಯೋಗೆ ಹೊರಟರು. ಅವರ ಬಂಡಿಗಳು ಇಳಿದುಹೋಗುವುದನ್ನು ನಾನು ಕಣ್ಣಿಗೆ ಕಾಣುವಷ್ಟು ಹೊತ್ತು ನೋಡಿದೆ.

ಡಿಸೆಂಬರ್ 5, ಗುರುವಾರ

ಕೃತಜ್ಞತೆಯ ಹಬ್ಬ. ಯಾವುದಕ್ಕೆ ಕೃತಜ್ಞತೆ ಎಂದು ಪಾದ್ರಿಯೂ ತಡವರಿಸಿದರು. ಕುಂಬಳದ ಕಡುಬಿಲ್ಲ, ಕೋಳಿಯಿಲ್ಲ. ಆದರೂ ಮೇಜಿಗೆ ಬಿಳಿ ಬಟ್ಟೆ ಹಾಸಿದೆ. ಅಜ್ಜಿ ತನ್ನ ಪಾಲಿನ ಸಕ್ಕರೆಯನ್ನು ತಿಂಗಳಿಂದ ಉಳಿಸಿ ಸೇಬಿನ ಒಂದು ಪುಟ್ಟ ಕಡುಬು ಮಾಡಿದ್ದಳು. ಅಸಾಹೆಲ್ ಅವಳನ್ನು ಹೊಗಳಿ ಹೊಗಳಿ ಎರಡು ಪಾಲು ತಿಂದರು. ನನ್ನ ಕಡುಬನ್ನು ಹೀಗೆ ಯಾವತ್ತೂ ಹೊಗಳಿದವರಲ್ಲ.

ಊಟದ ಮೇಲೆ ಅವಳು ತನ್ನ ಮಕ್ಕಳ ಹೆಸರು ಹೇಳಿದಳು. ಐದು ಜನ. ಒಬ್ಬರೂ ಉಳಿದಿಲ್ಲ. ನಾನು ಕಳೆದುಕೊಂಡ ನನ್ನ ಎರಡು ಕೂಸುಗಳ ಹೆಸರು ಹೇಳಿದೆ. ಅವುಗಳ ತೊಟ್ಟಿಲನ್ನು ಅಟ್ಟಕ್ಕೆ ಹಾಕಿದ ಮೇಲೆ ಆ ಹೆಸರುಗಳನ್ನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಅಸಾಹೆಲ್ ಎದ್ದುಹೋಗಿ ಒಲೆಗೆ ಸೌದೆ ಹಾಕಿದರು.

ಜನವರಿ 12, 1817, ಭಾನುವಾರ

ಅಜ್ಜಿಗೆ ಎದೆಕೆಮ್ಮು ಜೋರಾಗಿದೆ. ಉತ್ತರದ ಕಿಟಕಿಯ ಸಂದಿಗೆಲ್ಲ ಚಿಂದಿ ತುರುಕಿ, ಅವಳ ಮಂಚವನ್ನು ಒಲೆಯ ಪಕ್ಕಕ್ಕೆ ತಂದೆ. ಹಗಲೆಲ್ಲ ಈರುಳ್ಳಿಯ ಕಟ್ಟು ಕಾಯಿಸಿ ಎದೆಗೆ ಇಡುವುದೇ ನನ್ನ ಕೆಲಸ.

“ನನ್ನ ಎದೆ ಏನು ಸಾರು ಮಾಡೋ ಪಾತ್ರೆನಾ?” ಎಂದು ಗೊಣಗುತ್ತಾಳೆ.

“ಸುಮ್ನೆ ಮಲಗು. ನೀನು ಸತ್ತರೆ ನಿನ್ನ ಕುರೀನ ಮೊದಲು ಮಾರ್ತೀನಿ.”

“ಅದಕ್ಕೇ ಬದುಕಿದೀನಿ,” ಎಂದಳು.

ಫೆಬ್ರವರಿ 9, ಭಾನುವಾರ

ಲೀವೈ ಪತ್ರ ಬರೆದಿದ್ದಾನೆ. ಅವನ ಪಕ್ಕದಲ್ಲೇ ನಮಗಾಗಿ ಭೂಮಿ ನೋಡಿಟ್ಟಿದ್ದಾನಂತೆ, ಮೇ ತಿಂಗಳೊಳಗೆ ಬರಬೇಕಂತೆ. ಈ ಗುಡ್ಡವನ್ನು ಕುರಿ ಮೇಯಿಸಲು ಕೊಳ್ಳುವವನೊಬ್ಬ ನದಿಯ ಕೆಳಗಿನ ಊರಿನಿಂದ ಬಂದು ನೋಡಿಹೋದ. ನಾನು ಬಾಯಿಬಿಡುವ ಮೊದಲೇ ಅಸಾಹೆಲ್ ಹೇಳಿದರು, “ಹೋಗೋಣ ಎಲೆಕ್ಟಾ. ನೀನು ಹೇಳಿದ್ದು ಸರಿ. ಇಲ್ಲಿ ಇನ್ನೊಂದು ಇಂಥ ವರ್ಷ ತಡೆಯೋಕಾಗಲ್ಲ. ಅವನು ಕೊಡೋ ದುಡ್ಡಲ್ಲೇ ಬಂಡಿ ಮಾಡ್ಸೋಣ.”

ಮೂರು ವರ್ಷ ನಾನು ಕಾದ ಮಾತು. ಕೇಳಿ ಕುಣಿಯಬೇಕಿತ್ತು. “ನೆಲ ಕೆಸರಾಗಿರತ್ತೆ,” ಎಂದೆ. “ಎತ್ತು ಬಡಕಲಾಗಿದೆ,” ಎಂದೆ. ಅಸಾಹೆಲ್ ನನ್ನನ್ನು ವಿಚಿತ್ರವಾಗಿ ನೋಡಿದರು. ನನಗೆ ಮೈ ಹುಷಾರಿಲ್ಲವೇನೋ.

ಆಮೇಲೆ ಅವರೇ ಮೆಲ್ಲಗೆ ಹೇಳಿದರು, “ಅಜ್ಜಿನ ಕರ್ಕೊಂಡು ಹೋಗೋಕಾಗಲ್ಲ. ಆರು ವಾರದ ದಾರಿ. ಆ ಎದೆ ತಡೆಯಲ್ಲ.”

“ಮಾರ್ಚಿಗೆ ಹೇಗೂ ಹರಾಜಿದೆಯಲ್ಲ. ಅವಳು ಊರಿನ ಪಾಲು, ನಮ್ಮದೇನು?” ಎಂದೆ. ಅಂದ ಮೇಲೆ ಆಲೂಗಡ್ಡೆ ಹೆಚ್ಚಲು ಕೂತು ಬೆರಳು ಕೊಯ್ದುಕೊಂಡೆ.

ಫೆಬ್ರವರಿ 23, ಭಾನುವಾರ

ಅಜ್ಜಿಗೆ ವಿಷಯ ತಿಳಿಸಿದೆ. ಹೆಣೆಯುತ್ತಿದ್ದ ಸಾಲನ್ನು ಮುಗಿಸಿದಳು. “ಒಳ್ಳೇದಾಯ್ತು. ನೀನು ಇನ್ನೂ ವಯಸ್ಸಿನವಳು. ಕಲ್ಲಿಲ್ಲದ ಕಡೆ ಹೋಗು,” ಎಂದಳು. ಅವಳು ಬೈಯಲಿ ಎಂದು ಕಾದೆ. ಬೈಯಲಿಲ್ಲ.

ಈ ವರ್ಷ ಯಾರ ಮನೆಯಲ್ಲೂ ಇನ್ನೊಂದು ಬಾಯಿಗೆ ಅನ್ನವಿಲ್ಲ. ಹರಾಜಿನಲ್ಲಿ ಕೂಗುವವನು ಹಾಚ್ ಒಬ್ಬನೇ ಎಂದು ಊರಿಗೆಲ್ಲ ಗೊತ್ತು. ಅವನಿಗೆ ಹೆಣೆಯುವ ಕೈ ಬೇಕು, ತಿನ್ನುವ ಬಾಯಿ ಬೇಡ.

ಇವತ್ತು ಅವಳ ಹಾಸಿಗೆ ಕೊಡವುವಾಗ ದಿಂಬಿನ ಕೆಳಗೆ ರೊಟ್ಟಿಯ ಚೂರು ಸಿಕ್ಕಿತು. ಇಷ್ಟು ತಿಂಗಳ ಮೇಲೆ ಮತ್ತೆ ಮೊದಲ ಸಲ. ತೆಗೆಯದೆ ಅಲ್ಲೇ ಇಟ್ಟೆ. ಪಕ್ಕದಲ್ಲಿ ಇನ್ನೆರಡು ಚೂರು ಇಟ್ಟೆ.

ಮಾರ್ಚ್ 4, ಮಂಗಳವಾರ

ಸಭೆ ಮುಗಿಸಿ ಬಂದು, ಎಲ್ಲರಿಗೂ ಗಂಜಿ ಬಡಿಸಿ, ಈಗ ಬರೆಯುತ್ತಿದ್ದೇನೆ.

ಊರ ಸಭೆಯಲ್ಲಿ ಹೆಂಗಸರಿಗೆ ಮಾತಿಲ್ಲ. ಮಧ್ಯಾಹ್ನದ ಬುತ್ತಿ ಹೊತ್ತು ಹೋಗಿ ಹಿಂದಿನ ಗೋಡೆಗೆ ಒರಗಿ ನಿಲ್ಲಬಹುದು, ಅಷ್ಟೇ. ಅಜ್ಜಿಗೆ ನನ್ನ ನೀಲಿ ಶಾಲು ಹೊದಿಸಿ ಕರೆದುಕೊಂಡು ಹೋದೆವು. ಗಂಟು ಕಟ್ಟಿ ಅವಳೇ ಎತ್ತಿಕೊಂಡಿದ್ದಳು. ಉಗ್ರಾಣದ ಬೀಗದ ಕೈಯನ್ನು ಮನೆಯಲ್ಲೇ ಮೇಜಿನ ಮೇಲೆ ಇಟ್ಟುಬಂದಿದ್ದಳು.

ಅವಳ ಸರದಿ ಬಂತು. ಬೆಂಚು ಹತ್ತಲು ಅಸಾಹೆಲ್ ಕೈ ಕೊಟ್ಟರು. ಅವಳು ಶಾಲು ಸರಿಮಾಡಿಕೊಂಡು, ಗಲ್ಲ ಎತ್ತಿ ನಿಂತಳು. ಹೋದ ವರ್ಷದ ಇಪ್ಪತ್ತೆಂಟು ಡಾಲರಿನಿಂದ ಅಧ್ಯಕ್ಷರು ಶುರುಮಾಡಿದರು. ಹಾಚ್ ಕಾಲು ಚಾಚಿ ಕೂತು, “ಇಪ್ಪತ್ತು,” ಎಂದ. ಅವನಿಗಿಂತ ಕಡಿಮೆ ಯಾರಾದರೂ ಇದ್ದೀರಾ ಎಂದು ಅಧ್ಯಕ್ಷರು ಕೇಳಿದರು. ಯಾರೂ ಇರಲಿಲ್ಲ. ಅಜ್ಜಿಗೆ ಕೆಮ್ಮು ಬಂತು. ಬಾಯಿಗೆ ಶಾಲಿನ ತುದಿ ಒತ್ತಿ ಹಿಡಿದು ನುಂಗಿಕೊಂಡಳು. ಕೆಮ್ಮುವ ಮುದುಕಿ ಎಂದು ಗೊತ್ತಾದರೆ ಅವನ ಮನೆಯೂ ಸಿಗುವುದಿಲ್ಲವೆಂಬ ಭಯ. ಅದನ್ನು ನೋಡಿದ್ದೇ ತಡ, ನನಗೆ ಮೈಯೆಲ್ಲ ಉರಿಯಿತು.

“ನಮಗೆ ಒಂದು ಕಾಸೂ ಬೇಡ!” ಎಂದು ಯಾರೋ ಕಿರುಚಿದರು. ಎಲ್ಲರೂ ನನ್ನ ಕಡೆ ತಿರುಗಿದ ಮೇಲೆ ಅದು ನಾನೇ ಎಂದು ತಿಳಿಯಿತು.

“ಹೆಂಗಸರ ಕೂಗು ಲೆಕ್ಕಕ್ಕಿಲ್ಲ,” ಎಂದರು ಅಧ್ಯಕ್ಷರು. ಹಾಚ್ ನಕ್ಕ.

ಅಸಾಹೆಲ್ ಎದ್ದು ನಿಂತರು. ನಿಧಾನವಾಗಿ ಟೋಪಿ ತೆಗೆದರು. “ಅವಳು ಕೂಗಿದ್ದು ನನ್ನ ಕೂಗು. ಬರ್ಕೊಳ್ಳಿ,” ಎಂದರು. ನನ್ನ ಗಂಡನನ್ನು ನೋಡಿ ಎದೆ ತುಂಬಿಬಂತು. ಮುಚ್ಚುಮರೆ ಏನು, ಈ ಮನುಷ್ಯನನ್ನು ಕಟ್ಟಿಕೊಂಡದ್ದು ನನ್ನ ಪುಣ್ಯ.

ಬೆಂಚಿನ ಮೇಲೆ ನಿಂತಿದ್ದವಳು ಕುಗ್ಗಲೂ ಇಲ್ಲ, ಅಳಲೂ ಇಲ್ಲ. ಕೆಂಡವಾದಳು. “ಏನು, ಒಂದು ಕಾಸೂ ಇಲ್ವಾ? ಆ ಕುರುಡ ಪೀಟರನ್ನ ಹದಿನೈದಕ್ಕೆ ಕೂಗಿದ್ರಿ! ನಾನು ಅವನಿಗಿಂತ ಕಡೆಯಾ? ಇಳಿಸ್ರೋ ನನ್ನ!” ಸಭೆಯೆಲ್ಲ ನಕ್ಕುಬಿಟ್ಟಿತು, ಪೀಟರ್ ಎಲ್ಲರಿಗಿಂತ ಜೋರಾಗಿ.

ಗುಮಾಸ್ತ ಮಾತ್ರ ಪೆನ್ನು ಹಿಡಿದು ಪೇಚಾಡಿದ. ಊರಿನ ದುಡ್ಡು ಮುಟ್ಟದೆ ಸಾಕುವವರನ್ನು ಬಡವರ ಪಟ್ಟಿಯಲ್ಲಿ ಬರೆಯುವಂತಿಲ್ಲವಂತೆ. ನಮ್ಮ ಮನೆಯ ಜನರಲ್ಲೇ ಸೇರಿಸಬೇಕಂತೆ. “ಹಾಗಾದ್ರೆ ಏನಂತ ಬರೀಲಿ? ಈಕೆ ನಿಮಗೆ ಏನಾಗಬೇಕು?” ಎಂದು ನನ್ನನ್ನು ಕೇಳಿದ.

ಈ ಪ್ರಶ್ನೆಯನ್ನು ನಾನೇ ಯಾವತ್ತೂ ಕೇಳಿಕೊಂಡಿರಲಿಲ್ಲ. ಅಸಾಹೆಲ್ ಟೋಪಿ ತಿರುಗಿಸುತ್ತ ನಿಂತಿದ್ದರು.

“ಅತ್ತೆ ಅಂತ ಬರ್ಕೊಳ್ಳಯ್ಯಾ,” ಎಂದಳು ಅಜ್ಜಿ, ಬೆಂಚಿನಿಂದ ಇಳಿಯುತ್ತ. “ವರ್ಷದಿಂದ ಒಂದೇ ಒಲೆ ಮುಂದೆ ಜಗಳ ಆಡ್ತಾ ಇದೀವಿ. ಇನ್ನೇನಾಗಬೇಕಂತೆ?”

ಅವನು ಬರೆದುಕೊಂಡ.

ವಾಪಸು ಬರುವಾಗ ಗಾಳಿ ಎದ್ದಿತ್ತು. ಇಬ್ಬರ ಮಧ್ಯೆ ಅವಳನ್ನು ಕೂರಿಸಿಕೊಂಡಿದ್ದೆವು. ಗುಡ್ಡದ ತಿರುವಿನಲ್ಲಿ, ನಾಲ್ಕು ಮನೆಯವರ ಬಂಡಿಗಳು ಇಳಿದುಹೋದ ಆ ದಾರಿಯ ಹತ್ತಿರ, ಅಸಾಹೆಲ್ ಕುದುರೆಯನ್ನು ನಿಲ್ಲಿಸಿದರು. ನನ್ನ ಮುಖ ನೋಡಲು ಆಗದೆ ಕುದುರೆಯ ಕಿವಿ ನೋಡುತ್ತ ಕೇಳಿದರು, “ಎಲೆಕ್ಟಾ, ಹಾಗಾದ್ರೆ ಒಹಾಯೋ?”

“ಇಲ್ಲಿ ಯಾಕ್ರೀ ನಿಲ್ಲಿಸಿದ್ರಿ?” ಎಂದೆ. “ಬೇಗ ಹೊಡೀರಿ, ಅತ್ತೆಗೆ ಗಾಳಿ ತಗಲ್ತಾ ಇದೆ.”